ಡಾಂಬರಿನ ಪೀಪಾಯಿಯೂ ನಗರದ ಸ್ಮಾರಕವೂ

ಅರಿಕುಠಾರವೆಂಬ ಊರು ತಮ್ಮ ತಂದೆಯವರ ಜನ್ಮಸ್ಥಳವಾದುದರಿಂದ ಮುಮ್ಮಡಿ ಕೃಷ್ಣರಾಜ ಒಡೆಯರು 1818ರಲ್ಲಿ ಅದಕ್ಕೆ ಚಾಮರಾಜನಗರವೆಂದು ಹೆಸರಿಟ್ಟರು. ಹೀಗೆ ನಗರವೇ ಪ್ರಭುವಿನ ಸ್ಮಾರಕವಾಗಬಲ್ಲದು. ನಗರದ ಬೀದಿಗಳನ್ನು ಹಾಸಿದವರಿಗೆ ಸ್ಮಾರಕವಾವುದು? ಈ ಪ್ರಶ್ನೆಗೆ ಉತ್ತರಪ್ರಾಯವಾಗಿರುವುದು ಭದ್ರಾವತಿಯಲ್ಲಿ ಜನಿಸಿದ ಶ್ರೀಮತಿ ಶೀಲಾ ಗೌಡ ಅವರ ‘ಡಾರ್ಕ್‌ರೂಮ್’ (2006) ಎಂಬ ಪ್ರತಿಷ್ಠಾಪನಾ ಕೃತಿ. ರಸ್ತೆಗೆ ಸುರಿದು ಬರಿದಾದ ಡಾಂಬರಿನ ಪೀಪಾಯಿಗಳನ್ನು ಒಂದರ ಮೇಲೊಂದಿರಿಸಿ ಕಂಬಗಳನ್ನೂ, ಕೆಲವನ್ನು ಬಡಿದು ಚಪ್ಪಟೆಗೊಳಿಸಿ ತಗಡುಗಳನ್ನೂ ಮಾಡಿ ಇದನ್ನು ರಚಿಸಲಾಗಿದೆ. ಹೊರಗಿನಿಂದ ನೋಡುವವರಿಗೆ ಅರಮನೆಯ ಕಂಬಸಾಲು ನೆನಪಾಗುತ್ತದೆ. ಸಾಮಗ್ರಿಯಾದರೋ ರಸ್ತೆಯ ಕೂಲಿಗಳ ಗುಡಿಸಲಿನದು. ಒಳಗೆ ಕತ್ತಲೆ, ಮಾಡಿನ ಸಣ್ಣ ರಂಧ್ರಗಳಿಂದ ಇಳಿಯುವ ಬೆಳಕು ನಕ್ಷತ್ರಗಳಂತೆ ತೋರುತ್ತದೆ.

ಇದು ದಾರಿದ್ರ್ಯಕ್ಕೆ ತೊಡಿಸಿದ ಅಲಂಕಾರವೆಂದು ಆಕ್ಷೇಪಿಸಬಹುದು. ಆದರೆ ಪ್ರದರ್ಶನಮಂದಿರದಲ್ಲಿ ನಕ್ಷತ್ರವಾಗಿ ಕಾಣುವ ರಂಧ್ರವೇ ಕೂಲಿಯ ಗುಡಿಸಲಿನಲ್ಲಿ ಮಳೆ ಸೋರುವ ತೂತು. ಈ ಎರಡರ್ಥಗಳಲ್ಲಿ ಒಂದನ್ನೂ ಬಿಡದೆ ಹಿಡಿದಿರುವುದರಲ್ಲಿಯೇ ಕೃತಿಯ ಸತ್ತ್ವವಿದೆ. ನಗರದ ನಕ್ಷೆಯಲ್ಲಿ ರಸ್ತೆಗೆ ರೇಖೆಯುಂಟು. ಅದನ್ನು ಹಾಸಿದವರ ಬಿಡಾರಕ್ಕೆ ಎಡೆಯಿಲ್ಲ. ಆ ಲೋಪವನ್ನು ಈ ಕೃತಿಯು ತುಂಬಿಕೊಡುತ್ತದೆ.