ಎಣ್ಮಕಜೆಯ ಸುದ್ದಿ ಯಾರ ಪುಟದಲ್ಲಿ?

ಇವತ್ತಿನ ಗೋಷ್ಠಿಯ ವಿಷಯದಲ್ಲಿ ಎರಡು ಮಾತುಂಟು: ಸುದ್ದಿಮಾಧ್ಯಮದಲ್ಲಿ ಜನವೈವಿಧ್ಯ ಮತ್ತು ಸಂಪಾದಕೀಯ ಸ್ವಾತಂತ್ರ್ಯ. ಸಾಮಾನ್ಯವಾಗಿ ಇವನ್ನು ಬೇರೆ ಬೇರೆಯಾಗಿ ಚರ್ಚಿಸ್ತೇವೆ. ಮೊದಲನೆಯದು ಸುದ್ದಿಮನೆಯಲ್ಲಿ ಯಾರು ಕೂತಿದ್ದಾರೆ ಎಂಬ ಪ್ರಶ್ನೆ, ಎರಡನೆಯದು ಆ ಮನೆಯ ಖರ್ಚು ಯಾರು ನೋಡಿಕೊಳ್ತಾರೆ ಎಂಬ ಪ್ರಶ್ನೆ. ಗಡಿನಾಡಿನಲ್ಲಿ ನಿಂತು ನೋಡಿದರೆ ಇವೆರಡೂ ಒಂದೇ ಎಂಬುದು ನನ್ನ ವಾದ. ಅದಕ್ಕೆ ಆಯ್ದುಕೊಂಡದ್ದು ಕಾಸರಗೋಡಿನ ಎಂಡೋಸಲ್ಫಾನ್ ಸುದ್ದಿ.

ವಿಷಯ ನಿಮಗೆಲ್ಲ ಗೊತ್ತಿರುವುದೇ, ಚುಟುಕಾಗಿ ಹೇಳ್ತೇನೆ. ಕೇರಳ ಸರ್ಕಾರದ ಪ್ಲಾಂಟೇಷನ್ ಕಾರ್ಪೊರೇಷನ್ ತನ್ನ ಗೇರುತೋಟಗಳಿಗೆ 1970ರ ದಶಕದ ಕೊನೆಯಿಂದ 2000ದ ವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಿತು. ತೋಟ ಇರುವುದು ಗುಡ್ಡದ ಮೇಲೆ. ಮನೆ, ಬಾವಿ, ಸುರಂಗ, ತೋಡು ಎಲ್ಲ ಕೆಳಗೆ. ಎಣ್ಮಕಜೆ ಪಂಚಾಯತಿನ ಪಡ್ರೆಯವರೇ ಆದ ಕೃಷಿಕ-ಪತ್ರಕರ್ತ ಶ್ರೀಪಡ್ರೆ, ಕರುಗಳು ಊನವಾಗಿ ಹುಟ್ಟುವುದಕ್ಕೂ ಈ ಸಿಂಪಡಣೆಗೂ ಸಂಬಂಧ ಇರಬಹುದು ಎಂದು 1980ರ ಆಸುಪಾಸಿನಲ್ಲೇ ಬರೆದರು. ಊರಿನ ವೈದ್ಯ ಡಾ. ವೈ.ಎಸ್. ಮೋಹನ ಕುಮಾರ್ ತಮ್ಮಲ್ಲಿಗೆ ಬರುವ ಕಾಯಿಲೆಗಳ ಲೆಕ್ಕ ಇಟ್ಟರು. ದೆಹಲಿಯ ಸೆಂಟರ್ ಫಾರ್ ಸೈನ್ಸ್ ಆಂಡ್ ಎನ್ವಿರಾನ್‌ಮೆಂಟ್ ಸಂಸ್ಥೆ ಇಲ್ಲಿನ ನೀರು, ರಕ್ತದ ಮಾದರಿಗಳಲ್ಲಿ ವಿಷದ ಅಂಶ ಉಂಟೆಂದು ಹೇಳಿದ್ದು 2001ರಲ್ಲಿ. ಸುಪ್ರೀಂ ಕೋರ್ಟು ದೇಶಾದ್ಯಂತ ನಿಷೇಧಿಸಿದ್ದು 2011ರಲ್ಲಿ. ಬಾಧಿತರಿಗೆ ತಲಾ 5 ಲಕ್ಷ ರೂಪಾಯಿ ಕೊಡಿ ಎಂದು ಅದೇ ಕೋರ್ಟು ಕೇರಳ ಸರ್ಕಾರಕ್ಕೆ ಹೇಳಿದ್ದು 2017ರಲ್ಲಿ.

ಮೊದಲ ಬರಹಕ್ಕೂ ಹೆಲಿಕಾಪ್ಟರ್ ನಿಂತದ್ದಕ್ಕೂ ನಡುವೆ ಇಪ್ಪತ್ತು ವರ್ಷ. ಈ ಅವಧಿಯಲ್ಲಿ ಕನ್ನಡದಲ್ಲಿ ಏನೂ ಬರಲಿಲ್ಲ ಅಂತ ನಾನು ಹೇಳುವುದಿಲ್ಲ. ಬಂದ ಸುದ್ದಿ ಎಲ್ಲಿಗೆ ಮುಟ್ಟುತ್ತಿತ್ತು ಎಂಬುದೇ ಪ್ರಶ್ನೆ. ಕಾಸರಗೋಡಿನ ಕನ್ನಡ ಓದುಗ ಮಂಗಳೂರು, ಮಣಿಪಾಲದ ಪತ್ರಿಕೆ ಓದ್ತಾನೆ. ಅವನಿಗೆ ಉತ್ತರ ಕೊಡಬೇಕಾದ ಸರ್ಕಾರ ತಿರುವನಂತಪುರದಲ್ಲಿದೆ. ಓದುಗ ಒಂದು ರಾಜ್ಯದ ಪತ್ರಿಕೆಗೆ, ಅಧಿಕಾರ ಇನ್ನೊಂದು ರಾಜ್ಯದ ಪತ್ರಿಕೆಗೆ ಸೇರಿದಾಗ ವರದಿಗೆ ಹಲ್ಲೇ ಇರುವುದಿಲ್ಲ. ಅದು ಅಹವಾಲಾಗಿ ಉಳಿಯುತ್ತದೆ.

ಈ ಸುದ್ದಿಗೆ ಹಲ್ಲು ಬಂದದ್ದು ಬಹುಮಟ್ಟಿಗೆ ಮಲಯಾಳಂನಲ್ಲಿ. ಮಾತೃಭೂಮಿಯ ಛಾಯಾಗ್ರಾಹಕ ಮಧುರಾಜ್ ತೆಗೆದ ಚಿತ್ರಗಳು ಕೇರಳವನ್ನು ಅಲುಗಾಡಿಸಿದವು. ಅಂಬಿಕಾಸುತನ್ ಮಾಂಗಾಡ್ ಅವರ 'ಎನ್ಮಕಜೆ' ಕಾದಂಬರಿ 2009ರಲ್ಲಿ ಬಂತು. ಇದನ್ನು ಕೃತಜ್ಞತೆಯಿಂದಲೇ ಹೇಳಬೇಕು. 'ನಮ್ಮವರು' ಸುದ್ದಿಮನೆಯಲ್ಲಿದ್ದರೆ ಮಾತ್ರ ನಮ್ಮ ಸುದ್ದಿ ಬರ್ತದೆ ಎಂಬ ಸರಳ ವಾದ ಇಲ್ಲಿ ನಿಲ್ಲುವುದಿಲ್ಲ.

ಆದರೆ ಸಾಹಿತ್ಯದ ವಿದ್ಯಾರ್ಥಿಯಾಗಿ ಇನ್ನೊಂದನ್ನೂ ಗಮನಿಸಬೇಕು. ಆ ಕಾದಂಬರಿ ಊರೊಳಗೆ ಹೋಗುವುದು ಹೊರಗಿನಿಂದ ಬಂದು ನೆಲೆಸಿದ ಇಬ್ಬರ, ನೀಲಕಂಠನ್ ಮತ್ತು ದೇವಯಾನಿಯ, ಕಣ್ಣಿನಿಂದ. ಚಿತ್ರಗಳಲ್ಲಿ ಮಗು ಕಾಣ್ತದೆ; ಆ ಮಗುವಿನ ಅಮ್ಮ ಯಾವ ಭಾಷೆಯಲ್ಲಿ ಜೋಗುಳ ಹಾಡಿದಳು ಅಂತ ಚಿತ್ರ ಹೇಳಲಾರದು. ತುಳು, ಕನ್ನಡ, ಮರಾಠಿ, ಬ್ಯಾರಿ, ಕೊಂಕಣಿ, ಮಲಯಾಳಂ ಒಟ್ಟಿಗೆ ಓಡಾಡುವ ಸೀಮೆ ಇದು. ಇಲ್ಲಿನ ಮಾತು ವರದಿಯಾಗುವಾಗ ನೋವು ಉಳಿದು, ನೋವನ್ನು ವಿವರಿಸುವ ವಿವೇಕ ಬಿಟ್ಟುಹೋಗುತ್ತದೆ. ಕರು ಯಾಕೆ ಹೀಗೆ ಹುಟ್ಟಿತು ಅಂತ ಮೊದಲು ಕೇಳಿದವರು ಊರಿನವರೇ. ಅದನ್ನು ಮರೆತರೆ ಅವರು ಬರೇ ಸಂತ್ರಸ್ತರಾಗಿ ಉಳೀತಾರೆ.

ಇನ್ನು ನಮ್ಮ ಕನ್ನಡ ಸುದ್ದಿಮನೆಯ ಕಡೆ ಬರುವಾ. ಇದೇ ವಿಷವನ್ನು ಕರ್ನಾಟಕದಲ್ಲೂ, ಕೊಕ್ಕಡದ ಸುತ್ತಮುತ್ತ ಗೇರು ಅಭಿವೃದ್ಧಿ ನಿಗಮದ ತೋಟಗಳಲ್ಲಿ ಸಿಂಪಡಿಸಿದ್ದರು. ಪಡ್ರೆಗೂ ಕೊಕ್ಕಡಕ್ಕೂ ದೂರ ಹೆಚ್ಚಿಲ್ಲ. ಆದರೂ ಒಂದು 'ಕೇರಳದ ದುರಂತ', ಇನ್ನೊಂದು 'ಜಿಲ್ಲೆಯ ಸಮಸ್ಯೆ' ಎಂದು ಎರಡು ಕಥೆಗಳಾಗಿ ಉಳಿದವು. ಗಡಿಯಾಚೆಯ ಕನ್ನಡಿಗ ನಮ್ಮ ಪುಟಗಳಲ್ಲಿ ಹೆಚ್ಚಾಗಿ ಕಾಣುವುದು ಭಾಷೆಯ ವಿಷಯಕ್ಕೆ: ಶಾಲೆಗೆ ಕನ್ನಡ ಬಾರದ ಮೇಷ್ಟ್ರು, ಮಹಾಜನ ವರದಿ, ನವೆಂಬರ್ 1. ಇವು ನಿಜವಾದ ಸಂಗತಿಗಳೇ. ಆದರೆ ಅವನ ನೀರು, ಕೂಲಿ, ಆಸ್ಪತ್ರೆ ಸುದ್ದಿಯಾಗದಿದ್ದರೆ ಅವನು ಒಂದು ಭಾಷೆಯ ಬಾವುಟ ಹಿಡಿದವನು ಮಾತ್ರ ಆಗ್ತಾನೆ. ಜಾಹೀರಾತುದಾರನಿಂದ, ಸರ್ಕಾರದಿಂದ ಸ್ವತಂತ್ರವಾಗುವುದು ಸಂಪಾದಕನ ಕೆಲಸ ಅಂತೇವೆ. ಓದುಗರ ಭಾಷಾಭಿಮಾನದಿಂದಲೂ ಸ್ವಲ್ಪ ಸ್ವತಂತ್ರವಾಗಬೇಕಲ್ವಾ?

ಹಣದ ಮಾತಿಲ್ಲದೆ ಇದು ಪೂರ್ತಿಯಾಗುವುದಿಲ್ಲ. ಗಡಿಯ ಸುದ್ದಿ ಬರುವುದು ಬಿಡಿ ಸುದ್ದಿಗಾರರಿಂದ. ಸಂಬಳ ಅಷ್ಟಕ್ಕಷ್ಟೆ, ಎಷ್ಟೋ ಕಡೆ ಜಾಹೀರಾತು ತರುವ ಹೊಣೆಯೂ ಅವರದ್ದೇ. ಪಂಚಾಯತಿನಿಂದ ಜಾಹೀರಾತು ಕೇಳಿದ ಕೈ ಅದೇ ಪಂಚಾಯತಿನ ಮೇಲೆ ಬರೆಯುವುದು ಹೇಗೆ? ಅಲ್ಪಸಂಖ್ಯಾತ ಭಾಷೆಯ ವರದಿಗಾರ ಸುದ್ದಿಮನೆಯಲ್ಲಿದ್ದಾನೆ ಎಂಬ ಲೆಕ್ಕ ಸರಿಯೇ ಇದ್ದರೂ, ಅವನಿಗೆ ಬರೆಯುವ ಧೈರ್ಯ ಕೊಡುವ ವ್ಯವಸ್ಥೆ ಇಲ್ಲದಿದ್ದರೆ ವೈವಿಧ್ಯ ಹೆಸರಿಗೆ ಮಾತ್ರ.

ಇದಕ್ಕೆ ಬೇರೆಯದೇ ಮಾದರಿ 1988ರಲ್ಲಿ ಪುತ್ತೂರಿನಲ್ಲಿ ಶುರುವಾದ 'ಅಡಿಕೆ ಪತ್ರಿಕೆ'. 'ಕೃಷಿಕರ ಕೈಗೆ ಲೇಖನಿ' ಎಂಬುದು ಅದರ ತತ್ವ. ಅದರ ಹಿಂದೆ ಇರುವವರು ಕೃಷಿಕರು, ಬರೆಯುವವರೂ ಕೃಷಿಕರು. ಹಾಗಾಗಿ ಯಾರು ಬರೀತಾರೆ, ಯಾರು ನಡೆಸ್ತಾರೆ ಎಂಬ ಎರಡೂ ಪ್ರಶ್ನೆಗೆ ಒಂದೇ ಉತ್ತರ. ಶ್ರೀಪಡ್ರೆ ಇದರ ಸಂಪಾದಕತ್ವದಲ್ಲಿ ಇರುವುದು ಆಕಸ್ಮಿಕ ಅಂತ ನನಗೆ ಅನ್ನಿಸುವುದಿಲ್ಲ.

ಈ ಮಾದರಿಗೂ ಮಿತಿ ಉಂಟು. ಲೇಖನಿ ಹಿಡಿಯುವ ಕೃಷಿಕನಿಗೆ ಸ್ವಲ್ಪವಾದರೂ ಜಾಗ ಇರ್ತದೆ, ಓದು ಇರ್ತದೆ. ಗೇರುತೋಟದಲ್ಲಿ ದಿನಗೂಲಿಗೆ ದುಡಿದವರ, ಕೊರಗರ ಕೈಗೆ ಲೇಖನಿ ಹೋಗುವುದು ಯಾವಾಗ? ಆಕ್ಸ್‌ಫ್ಯಾಮ್ ಮತ್ತು ನ್ಯೂಸ್‌ಲಾಂಡ್ರಿ 2019ರಲ್ಲಿ ದೇಶದ ಮಾಧ್ಯಮಗಳ 121 ಮುಖ್ಯ ಹುದ್ದೆಗಳನ್ನು ನೋಡಿದಾಗ 106ರಲ್ಲಿ ಮೇಲ್ಜಾತಿಯವರಿದ್ದರು. ಪರಿಶಿಷ್ಟ ಜಾತಿ, ಪಂಗಡದವರು ಒಬ್ಬರೂ ಇರಲಿಲ್ಲ. ಗಡಿನಾಡ ಕನ್ನಡಿಗರು ಅಲ್ಪಸಂಖ್ಯಾತರು ಎನ್ನುವಾಗ, ಆ ಅಲ್ಪಸಂಖ್ಯೆಯೊಳಗೂ ಮಾತನಾಡುವವರು ಕೆಲವರು, ಸುಮ್ಮನಿರುವವರು ಹಲವರು ಎಂಬುದನ್ನು ಸೇರಿಸಿ ಹೇಳಬೇಕಾಗ್ತದೆ.

ಜತ್ತ, ಅಕ್ಕಲಕೋಟೆ, ತಾಳವಾಡಿ, ಮಡಕಶಿರಾ ಕಡೆಯಿಂದ ಬಂದ ಗೆಳೆಯರಿಗೆ ನನ್ನದೊಂದು ಪ್ರಶ್ನೆ. ನಿಮ್ಮೂರಿನ ನೀರಿನ ಬಗ್ಗೆ, ಬರದ ಬಗ್ಗೆ ಕೊನೆಯ ಸಲ ಓದಿದ ಸುದ್ದಿ ಯಾವ ಭಾಷೆಯಲ್ಲಿತ್ತು? ಬರೆದವರು ಊರಿಗೆ ಬಂದು ನಿಮ್ಮ ಮಾತಿನಲ್ಲೇ ಕೇಳಿದ್ದರಾ? ಇಲ್ಲಿಂದ ಚರ್ಚೆ ಶುರು ಮಾಡುವಾ.