ಅರ್ಥವಾದವೂ ವಿಧಿಯೂ: ಸಾರ್ವಜನಿಕ ಸಂಪರ್ಕಶಾಸ್ತ್ರ ಮತ್ತು ಬೆಳ್ಗೊಳದ ಒಂದು ಶಾಸನ

ಸಾರ್ವಜನಿಕ ಸಂಪರ್ಕವೆಂದು ಇಂದು ಕರೆಯಿಸಿಕೊಳ್ಳುವ ವಿದ್ಯೆಯು ಶಾಸ್ತ್ರರೂಪವನ್ನು ತಳೆದು ನೂರು ವರ್ಷಗಳಿಗೆ ತುಸು ಮೀರಿರುವುದು. ಜನಾಭಿಪ್ರಾಯವು ರೂಪುಗೊಳ್ಳುವ ಬಗೆಯನ್ನು ಕುರಿತು ಎಡ್ವರ್ಡ್ ಬರ್ನೇಸನು ಬರೆದ ಗ್ರಂಥವು 1923ರಲ್ಲಿ ಪ್ರಕಟವಾಯಿತು. ಪ್ರಾಕ್ತನವಿಮರ್ಶವಿಚಕ್ಷಣ ಆರ್. ನರಸಿಂಹಾಚಾರ್ಯರು ಪರಿಷ್ಕರಿಸಿದ ಶ್ರವಣಬೆಳ್ಗೊಳದ ಶಾಸನಸಂಪುಟವು ಹೊರಬಿದ್ದುದೂ ಅದೇ ವರ್ಷದಲ್ಲಿ. ಮೊದಲನೆಯದನ್ನು ಓದುವವರು ಎರಡನೆಯದನ್ನು ತೆರೆಯುವುದು ವಿರಳ. ಎರಡನೆಯದನ್ನು ಓದುವವರಿಗೆ ಮೊದಲನೆಯದರ ಗೋಜೇ ಇಲ್ಲ. ಇದರಿಂದ ಎರಡು ಪಕ್ಷಗಳಿಗೂ ನಷ್ಟವುಂಟಾಗಿದೆ.

ಭಾರತದ ಸಾರ್ವಜನಿಕ ಸಂಪರ್ಕದ ಪಠ್ಯಗ್ರಂಥಗಳು ಪ್ರಾಚೀನತೆಯನ್ನು ತೋರಿಸಬೇಕಾದಾಗ ಬಹುಮಟ್ಟಿಗೆ ಅಶೋಕನ ಧರ್ಮಲಿಪಿಗಳನ್ನು ಹೆಸರಿಸಿ ಮುಂದೆ ಸಾಗುತ್ತವೆ. ಬಂಡೆಯು ಅಂದಿನ ಪತ್ರಿಕೆ, ಅರಸನು ಪ್ರಕಾಶಕನು, ಪ್ರಜೆಗಳು ಓದುಗರು ಎಂಬಷ್ಟರಲ್ಲಿ ವಿಚಾರವು ಮುಗಿಯುತ್ತದೆ. ಆದರೆ ಕಳಿಂಗಯುದ್ಧದ ಪಶ್ಚಾತ್ತಾಪವನ್ನು ಸಾರುವ ಹದಿಮೂರನೆಯ ಲಿಪಿಯು ಕಳಿಂಗದ ಧೌಲಿ, ಜೌಗಡಗಳಲ್ಲಿಯೇ ಇಲ್ಲ. ಅಲ್ಲಿ ಬೇರೆ ಲಿಪಿಗಳನ್ನು ಕೆತ್ತಿಸಲಾಗಿದೆ. ಯಾರಿಗೆ ಏನನ್ನು ಹೇಳಬೇಕು, ಏನನ್ನು ಹೇಳಬಾರದು ಎಂಬ ವಿವೇಚನೆಯೇ ಈ ಶಾಸ್ತ್ರದ ಹೃದಯವಾಗಿರಲು, ಶಾಸನವನ್ನು ಬರಿಯ ಘೋಷಣೆಯೆಂದು ಓದುವವರಿಗೆ ಆ ಹೃದಯವು ಗೋಚರಿಸುವುದು ಹೇಗೆ?

ಈ ಸಂದರ್ಭದಲ್ಲಿ ಮೀಮಾಂಸಕರ ಒಂದು ವಿಭಾಗವು ಉಪಕಾರಿಯಾಗುವುದು. ಸ್ತುತಿ ಅಥವಾ ನಿಂದೆಯನ್ನು ಮಾಡುವ ವಾಕ್ಯವು ಅರ್ಥವಾದ. ಕರ್ತವ್ಯವನ್ನು ವಿಧಿಸುವ ವಾಕ್ಯವು ವಿಧಿ. ಅರ್ಥವಾದಕ್ಕೆ ಸ್ವತಂತ್ರವಾದ ಪ್ರಾಮಾಣ್ಯವಿಲ್ಲ. ಅದು ವಿಧಿಯೊಡನೆ ಸೇರಿಯೇ ಸಾರ್ಥಕವಾಗಬೇಕು. ಶಾಸನಗಳಲ್ಲಿಯೂ ಈ ಎರಡು ಅಂಗಗಳು ಸ್ಪಷ್ಟವಾಗಿವೆ. ಅರಕಲಗೂಡು ಸೀಮೆಯನ್ನೂ ಉತ್ತರ ಕೊಡಗನ್ನೂ ಆಳಿದ ಕೊಂಗಾಳ್ವರು ಚೋಳರ ಸಾಮಂತರು. ಆದರೂ ತಮ್ಮ ಪ್ರಶಸ್ತಿಗಳಲ್ಲಿ ತಮ್ಮನ್ನು ಸೂರ್ಯವಂಶದವರೆಂದೂ, ದೂರದ ಕಾವೇರೀತೀರದ ಓರೆಯೂರಿಗೆ ಅಧೀಶ್ವರರೆಂದೂ ಕರೆದುಕೊಂಡರು. ಅರಕಲಗೂಡು ತಾಲ್ಲೂಕಿನ ಹನ್ನೊಂದನೆಯ ಶತಮಾನದ ಕೊಂಗಾಳ್ವ ಶಾಸನವೊಂದರಲ್ಲಿ ನಾಲ್ಕು ಭಾಷೆಗಳನ್ನು ಬರೆಯಬಲ್ಲ ಸಂಧಿವಿಗ್ರಹಿ ನಕುಳಾರ್ಯನ ಹೆಸರು ಬರುತ್ತದೆ. ಅರಸನ ಮಾತನ್ನು ಲೋಕಕ್ಕೆ ತಲಪಿಸುವ ನಿಪುಣರು ಆ ಸಣ್ಣ ರಾಜ್ಯದಲ್ಲಿಯೂ ಇದ್ದರೆಂಬುದು ಇದರಿಂದ ವಿದಿತವಾಗುತ್ತದೆ. ಆದರೆ ಓರೆಯೂರಿನ ಬಿರುದು ಅರ್ಥವಾದ. ಅದೇ ಬಗೆಯ ಕಲ್ಲಿನಲ್ಲಿ ಬಸದಿಗೆ ಬಿಟ್ಟ ಭೂಮಿಯ ಎಲ್ಲೆಯನ್ನು ಹೇಳುವ ಸಾಲು ವಿಧಿ. ಮೊದಲನೆಯದು ಸುಳ್ಳಾದರೆ ಯಾರಿಗೂ ಹಾನಿಯಿಲ್ಲ. ಎರಡನೆಯದು ಸುಳ್ಳಾದರೆ ಬಸದಿಯಲ್ಲಿ ದೀಪವು ಆರುತ್ತದೆ.

ಹಾಸನ ಜಿಲ್ಲೆಯ ಚನ್ನರಾಯಪಟ್ಟಣ ತಾಲ್ಲೂಕಿಗೆ ಸೇರಿದ ಶ್ರವಣಬೆಳ್ಗೊಳದ ಭಂಡಾರಿ ಬಸದಿಯಲ್ಲಿ, ವಿಧಿಯೇ ಪ್ರಧಾನವಾದ ಶಾಸನವೊಂದು ಉಂಟು. ಅದು ಶಕ 1290ನೆಯ ಕೀಲಕ ಸಂವತ್ಸರದ್ದು, ಎಂದರೆ ಕ್ರಿ. ಶ. 1368ರದು, ವಿಜಯನಗರದ ಬುಕ್ಕರಾಯನ ಕಾಲದ್ದು. ಭಕ್ತರಿಂದ, ಎಂದರೆ ಶ್ರೀವೈಷ್ಣವರಿಂದ, ತಮಗೆ ಅನ್ಯಾಯವಾಯಿತೆಂದು ಆನೆಗೊಂದಿ, ಹೊಸಪಟ್ಟಣ, ಪೆನುಗೊಂಡೆ, ಕಲ್ಲೆಹ ಮುಂತಾದ ಸ್ಥಳಗಳ ಜೈನರು ಅರಸನಲ್ಲಿ ಬಿನ್ನೈಸಿದರು. ಶ್ರೀರಂಗ, ತಿರುಪತಿ, ಕಂಚಿ, ಮೇಲುಕೋಟೆಗಳ ಆಚಾರ್ಯರೂ ಹದಿನೆಂಟು ನಾಡುಗಳ ಶ್ರೀವೈಷ್ಣವರೂ ನೆರೆದಿರಲು, ಅರಸನು ಜೈನರ ಕೈಯನ್ನು ಹಿಡಿದು ಶ್ರೀವೈಷ್ಣವರ ಕೈಯಲ್ಲಿ ಇಟ್ಟು, ಎರಡು ದರ್ಶನಗಳಿಗೂ ಭೇದವಿಲ್ಲವೆಂದನು. ಪಂಚಮಹಾವಾದ್ಯಗಳೂ ಕಲಶವೂ ಜೈನದರ್ಶನಕ್ಕೆ ಹಿಂದಿನಂತೆಯೇ ಸಲ್ಲಬೇಕೆಂದು ನಿರ್ಣಯವಾಯಿತು. ಜೈನರಿಗೆ ಭಕ್ತರಿಂದ ಒದಗುವ ಹಾನಿವೃದ್ಧಿಗಳನ್ನು ವೈಷ್ಣವರು ತಮ್ಮವೆಂದೇ ಭಾವಿಸಬೇಕು. ರಾಜ್ಯದ ಬಸದಿಗಳಲ್ಲೆಲ್ಲ ಈ ಶಾಸನವನ್ನು ಅವರೇ ನಿಲ್ಲಿಸಬೇಕು.

ಇಷ್ಟಕ್ಕೆ ನಿಂತಿದ್ದರೆ ಇದೂ ಒಂದು ಸುಂದರವಾದ ಘೋಷಣೆಯೇ ಆಗುತ್ತಿತ್ತು. ಆದರೆ ಜೈನರ ಮನೆಯೊಂದಕ್ಕೆ ವರ್ಷಕ್ಕೆ ಒಂದು ಹಣದಂತೆ ಕೂಡಿಸಿ, ಬೆಳ್ಗೊಳದ ದೇವರ ಅಂಗರಕ್ಷೆಗೆ ಇಪ್ಪತ್ತು ಆಳುಗಳನ್ನು ನೇಮಿಸಿ, ಉಳಿದ ಹಣದಿಂದ ಜೀರ್ಣವಾದ ಜಿನಾಲಯಗಳಿಗೆ ಸುಣ್ಣವಿಡಿಸುವ ಭಾರವನ್ನು ತಿರುಮಲೆಯ ತಾತಯ್ಯನ ಮೇಲೆ ಹೊರಿಸಲಾಗಿದೆ. ಕಟ್ಟಳೆಯನ್ನು ಮೀರಿದವನು ರಾಜದ್ರೋಹಿ, ಸಂಘಸಮುದಾಯಗಳಿಗೂ ದ್ರೋಹಿ. ಕಾರ್ಯ, ಕರ್ತೃ, ದ್ರವ್ಯ, ದಂಡ ಎಂಬ ನಾಲ್ಕೂ ಇಲ್ಲಿ ನಿಯತವಾಗಿವೆ. ಇಂದಿನ ಸಂಸ್ಥೆಗಳು ಹೊರಡಿಸುವ ವಿಷಾದಪತ್ರಗಳಲ್ಲಿ ಈ ನಾಲ್ಕರಲ್ಲಿ ಎಷ್ಟು ಕಾಣುವುವೆಂಬುದನ್ನು ಓದುಗರೇ ಎಣಿಸಿಕೊಳ್ಳಬಹುದು.

ಜೇಮ್ಸ್ ಗ್ರೂನಿಗ್ ಮತ್ತು ಟಾಡ್ ಹಂಟ್ ಇವರು 1984ರಲ್ಲಿ ಸಾರ್ವಜನಿಕ ಸಂಪರ್ಕವನ್ನು ನಾಲ್ಕು ಮಾದರಿಗಳಾಗಿ ವಿಂಗಡಿಸಿದರು: ಪ್ರಸಿದ್ಧಿಗಾಗಿ ಮಾಡುವುದು, ಸಮಾಚಾರವನ್ನು ತಿಳಿಸುವುದು, ಜನರ ಮನಸ್ಸನ್ನು ಅರಿತು ತನ್ನ ಕಡೆಗೆ ಒಲಿಸಿಕೊಳ್ಳುವುದು, ಎರಡು ಪಕ್ಷಗಳೂ ಪರಸ್ಪರ ಮಾತನಾಡಿ ಇಬ್ಬರೂ ಬದಲಾಗುವುದು. ಕೊನೆಯದಾದ ಸಮತೆಯ ಮಾದರಿಯನ್ನೇ ಉತ್ತಮವೆಂದು ಗ್ರೂನಿಗ್ ಪಕ್ಷವು ಎತ್ತಿಹಿಡಿಯಿತು. ಬಲದಲ್ಲಿ ಸಮರಲ್ಲದವರ ನಡುವೆ ಸಮತೆಯ ಮಾತು ಎಷ್ಟು ನಿಜವಾದೀತೆಂದು ಅನಂತರದ ವಿಮರ್ಶಕರು ಆಕ್ಷೇಪಿಸಿದರು. ಭಾರತದ ಸಂಸ್ಥೆಗಳನ್ನು ಪರೀಕ್ಷಿಸಿದ ಕೃಷ್ಣಮೂರ್ತಿ ಶ್ರೀರಮೇಶರು 1992ರಲ್ಲಿ ಪ್ರಕಟಿಸಿದ ಸಂಶೋಧನೆಯಲ್ಲಿ, ಇಲ್ಲಿ ಬಲ್ಲವರ ಪರಿಚಯದಿಂದ ಕೆಲಸ ಸಾಗುವ ವ್ಯಕ್ತಿಪ್ರಭಾವದ ಮಾದರಿಯನ್ನು ಗುರುತಿಸಿದರು.

ಬೆಳ್ಗೊಳದ ಶಾಸನವು ಈ ವಾದಕ್ಕೆ ಉತ್ತಮವಾದ ನಿಕಷವಾಗಿದೆ. ಅರಸನಲ್ಲಿ ಬಿನ್ನೈಸಿ ತಾತಯ್ಯನನ್ನು ಬರಮಾಡಿ ಕಾರ್ಯವನ್ನು ನಡಸಿದವನು ಕಲ್ಲೆಹದ ಹರ್ವಿಸೆಟ್ಟಿಯ ಮಗನಾದ ಬುಸುವಿಸೆಟ್ಟಿ; ಉಭಯಸಮಯಗಳೂ ಕೂಡಿ ಅವನಿಗೆ ಸಂಘನಾಯಕನೆಂಬ ಪಟ್ಟವನ್ನು ಕೊಟ್ಟುವು. ಇದು ವ್ಯಕ್ತಿಪ್ರಭಾವವೇ ಸರಿ. ಆದರೆ ಆ ಪ್ರಭಾವವು ಮರೆಯಲ್ಲಿ ಉಳಿಯದೆ ಕಲ್ಲಿನಲ್ಲಿ ಬಹಿರಂಗವಾಗಿದೆ ಎಂಬುದು ವಿಶೇಷ.

ಇಲ್ಲಿ ಪ್ರಬಲವಾದ ಆಕ್ಷೇಪವೊಂದು ಏಳುವುದು. ಶಾಸನವು ಮೊದಲಾಗುವುದು ರಾಮಾನುಜರ ಜಯವನ್ನು ಹಾಡುವ ಶ್ಲೋಕದಿಂದ. ಅದರಲ್ಲಿ ಆಚಾರ್ಯರನ್ನು ಪಾಷಂಡರೆಂಬ ಸಮುದ್ರಕ್ಕೆ ಬಡಬಾಗ್ನಿಯೆಂದು ವರ್ಣಿಸಿದೆ. ಜೈನರನ್ನೂ ಪಾಷಂಡರಲ್ಲಿ ಎಣಿಸುತ್ತಿದ್ದ ಕಾಲವದು. ಆ ಶ್ಲೋಕವು ನಿಂತಿರುವುದಾದರೋ ಜಿನಾಲಯದಲ್ಲಿ! ಉಪಕ್ರಮದಿಂದ ತಾತ್ಪರ್ಯವನ್ನು ನಿರ್ಣಯಿಸಬೇಕೆಂಬ ನ್ಯಾಯವನ್ನು ಹಿಡಿದರೆ, ಇದು ಸಂಧಿಯಲ್ಲ, ಗೆದ್ದವರ ಪತಾಕೆ ಎನ್ನಬೇಕಾಗುತ್ತದೆ. ಕಾವಲಿನ ಹಣವನ್ನು ಅನ್ಯಾಯಕ್ಕೆ ಒಳಗಾದವರೇ ತೆರಬೇಕಾಗಿರುವುದೂ ಈ ಪಕ್ಷಕ್ಕೆ ಬಲವನ್ನು ಕೊಡುತ್ತದೆ.

ಈ ಆಕ್ಷೇಪವನ್ನು ತಳ್ಳಿಹಾಕುವುದು ಪ್ರಾಮಾಣಿಕತೆಯಲ್ಲ. ಸಮತೆಯು ಇಲ್ಲಿ ಪೂರ್ಣವಾಗಿಲ್ಲವೆಂದು ಒಪ್ಪಲೇಬೇಕು. ಆದರೆ ಮಂಗಳಶ್ಲೋಕವು ವಿಧಿವಾಕ್ಯದೊಡನೆ ಏಕವಾಕ್ಯವಾದುದಲ್ಲ. ಶಾಸನವನ್ನು ನಿಲ್ಲಿಸುವ ಹೊಣೆಯು ಶ್ರೀವೈಷ್ಣವರದಾದುದರಿಂದ, ಅವರ ಆಚಾರ್ಯರ ಹೆಸರು ಮೇಲೆ ಬಂದಿರುವುದು ಮಾತನ್ನು ಕೊಟ್ಟವರು ಯಾರೆಂಬುದಕ್ಕೆ ಅಂಕಿತದಂತಿದೆ. ಯಾರ ಜಯವನ್ನು ಕಲ್ಲು ಹಾಡುತ್ತದೆಯೋ ಅವರ ಅನುಯಾಯಿಗಳನ್ನೇ ಅದರ ಮುಂದಿನ ಸಾಲುಗಳು ಕಟ್ಟಿಹಾಕುತ್ತವೆ. ಸ್ತುತಿಯು ಬಲವಂತನದು, ವಿಧಿಯೂ ಬಲವಂತನ ಮೇಲೆಯೇ.

ಆದುದರಿಂದ ಸಂಸ್ಥೆಗಳ ಸಂವಹನವನ್ನು ವಿಮರ್ಶಿಸುವವರು ಇಬ್ಬರೂ ಸಮನಾಗಿ ಮಾತನಾಡಿದರೇ ಎಂದು ಕೇಳಿದರೆ ಸಾಲದು. ಆಡಿದ ಮಾತು ಆಡಿದವನನ್ನು ಕಟ್ಟಿತೇ ಎಂದು ಮೊದಲು ಕೇಳಬೇಕು. ಕನ್ನಡದ ಅಧ್ಯಾಪಕರೂ ಶಾಸನಪಾಠವನ್ನು ಹೇಳುವಾಗ ಬಿರುದಾವಳಿಯ ಸೊಗಸಿನಲ್ಲಿಯೇ ತಂಗದೆ, ಹಣ, ಆಳು, ಸುಣ್ಣಗಳ ನೀರಸವಾದ ಸಾಲುಗಳವರೆಗೆ ವಿದ್ಯಾರ್ಥಿಗಳನ್ನು ಕರೆದೊಯ್ಯುವುದು ಯುಕ್ತ. ಮಾತಿನ ಸತ್ಯವು ಪರೀಕ್ಷೆಗೆ ಒಳಗಾಗುವುದು ಆ ಸಾಲುಗಳಲ್ಲಿಯೇ.