ಮೊದಲ ಸಾಕೆಟ್ಟಿನ ಟ್ಯೂಬು

ಗಿಟಾರ್ ಆಂಪ್ಲಿಫೈಯರಿನ ಹಿಂಬದಿಗೆ ಹೋಗಿ ಬಗ್ಗಿ ನೋಡಿ. ದೊಡ್ಡ ಟ್ಯೂಬುಗಳ ಪಕ್ಕದಲ್ಲಿ ಹೆಬ್ಬೆರಳಿನಷ್ಟು ಗಾತ್ರದ ಪುಟ್ಟ ಗಾಜಿನ ಟ್ಯೂಬುಗಳು ಸಾಲಾಗಿ ಕೂತಿರುತ್ತವೆ, ಕೆಲವಕ್ಕೆ ತಗಡಿನ ಟೋಪಿಯೂ ಇರುತ್ತದೆ. ಹಳೇ ರೇಡಿಯೋ ಕಂಡ ಮನೆಯವರು ಇವನ್ನು ವಾಲ್ವ್ ಅನ್ನುತ್ತಾರೆ. ನಮ್ಮ ಬೆಂಗಳೂರಿನ ಬಿಇಎಲ್ 1961ರಲ್ಲೇ ರೇಡಿಯೋ ವಾಲ್ವುಗಳನ್ನು ತಯಾರಿಸಲು ಶುರುಮಾಡಿತ್ತು. ಆಂಪಿನಲ್ಲಿ ದೊಡ್ಡವು ಸ್ಪೀಕರನ್ನು ದುಡಿಸುತ್ತವೆ. ಪುಟ್ಟವು ಪ್ರೀಆಂಪ್ ಟ್ಯೂಬುಗಳು, ಗಿಟಾರಿನ ಪಿಕಪ್ಪಿನಿಂದ ಬರುವ ಕ್ಷೀಣ ಸದ್ದು ಮೊದಲು ಸೇರುವುದು ಇವುಗಳ ಕೈಗೆ. ನೋಟಕ್ಕೆ ಎಲ್ಲವೂ ಒಂದೇ: ಒಂಬತ್ತು ಪಿನ್ನು, ಒಂದೇ ಅಳತೆಯ ಗಾಜು, ಒಳಗೆ ಅಕ್ಕಪಕ್ಕ ಎರಡು ಟ್ರಯೋಡು, ಅಂದರೆ ಸದ್ದು ಹಿಗ್ಗಿಸುವ ಎರಡು ಘಟಕ. ಆದರೆ ಒಂದನ್ನು ಕಿತ್ತು ಅದೇ ಸಾಕೆಟ್ಟಿಗೆ ಇನ್ನೊಂದನ್ನು ಹಾಕಿದರೆ ಗಿಟಾರು ಬೇರೆಯೇ ಮಾತಾಡುತ್ತದೆ. ತಂಬೂರಿಯ ಕುದುರೆಯ ಮೇಲೆ ತಂತಿಯಡಿಯ ದಾರವನ್ನು ಕೂದಲೆಳೆಯಷ್ಟು ಸರಿಸಿದಾಗ ನಾದ ಬಿಚ್ಚಿಕೊಳ್ಳುವುದನ್ನು ಕೇಳಿದ ಕಿವಿಗೆ ಇದು ಹೊಸ ಪಾಠವೇನಲ್ಲ.

ಹೆಸರುಗಳ ಗೊಂದಲ ಮೊದಲು ಬಗೆಹರಿಯಲಿ. ಅಮೆರಿಕದವರು 12ಎಎಕ್ಸ್7 ಎನ್ನುವುದನ್ನೇ ಯುರೋಪಿನವರು ಇಸಿಸಿ83 ಎನ್ನುತ್ತಾರೆ. ಒಳಗಿನ ಹೀಟರನ್ನು 12.6 ವೋಲ್ಟಿಗೂ ಜೋಡಿಸಬಹುದು, 6.3 ವೋಲ್ಟಿಗೂ ಜೋಡಿಸಬಹುದು. ಅಮೆರಿಕದ ಹೆಸರಿನ 12 ಮೊದಲನೆಯದನ್ನು ಹೇಳಿದರೆ, ಯುರೋಪಿನ ಹೆಸರಿನ 'ಇ' ಎರಡನೆಯದನ್ನು ಹೇಳುತ್ತದೆ. 'ಸಿಸಿ' ಎಂದರೆ ಎರಡು ಟ್ರಯೋಡು. ಅಷ್ಟೇ ವ್ಯತ್ಯಾಸ.

ಈ ಕುಟುಂಬದಲ್ಲಿ ಒಬ್ಬೊಬ್ಬರಿಗೂ ಒಂದೊಂದು ವರ್ಧನಾಂಕವಿದೆ. 12ಎಎಕ್ಸ್7ಗೆ 100, 5751ಕ್ಕೆ 70, 12ಎಟಿ7ಗೆ 60, 12ಎವೈ7ಗೆ 44, 12ಎಯು7ಗೆ ಹೆಚ್ಚೆಂದರೆ 20. ಹೊಸಬರು ಈ ಪಟ್ಟಿಯನ್ನು ಬಾಯಿಪಾಠ ಮಾಡಿ, 100ರ ಜಾಗಕ್ಕೆ 44 ಬಂದರೆ ಸದ್ದು ಅರ್ಧಕ್ಕಿಂತ ಕೆಳಗಿಳಿಯುತ್ತದೆ ಎಂದುಕೊಳ್ಳುತ್ತಾರೆ. ಹಾಗಾಗುವುದಿಲ್ಲ. ಟ್ಯೂಬಿನೊಳಗೆ ಅದರದೇ ಆದ ರೋಧವೊಂದಿದೆ, ವರ್ಧನೆಯ ಒಂದು ಪಾಲನ್ನು ಅದು ನುಂಗುತ್ತದೆ. 12ಎಎಕ್ಸ್7ನ ಒಳರೋಧ ದೊಡ್ಡದು, ಅರವತ್ತು ಸಾವಿರ ಓಮಿನ ಆಸುಪಾಸು. 12ಎವೈ7ನದು ಅದರ ಅರ್ಧಕ್ಕಿಂತ ಕಡಿಮೆ. ಹಾಗಾಗಿ ಸಾಮಾನ್ಯ ಸರ್ಕೀಟಿನಲ್ಲಿ ಮೊದಲನೆಯದು ಸುಮಾರು 60 ಪಟ್ಟು ಹಿಗ್ಗಿಸಿದರೆ ಎರಡನೆಯದು ಸುಮಾರು 35 ಪಟ್ಟು ಹಿಗ್ಗಿಸುತ್ತದೆ. ಇನ್ನು ಮುಂದಿನದನ್ನು ಹೇಳಬೇಕಾದ್ದು ಕಿವಿ.

ಗೆಳೆಯನೊಬ್ಬನ ಬಳಿ ಫೆಂಡರ್ ಬಾಸ್‌ಮನ್‌ನ 5ಎಫ್6-ಎ ಸರ್ಕೀಟಿನ ಮೇಲೆ ಕಟ್ಟಿದ ಆಂಪ್ ಇದೆ. ಅದರ ಮೊದಲ ಸಾಕೆಟ್ಟಿನಲ್ಲಿ 12ಎಎಕ್ಸ್7 ಇತ್ತು. ವಾಲ್ಯೂಮ್ ನಾಲ್ಕರಲ್ಲಿಟ್ಟು ಇ ಮೇಜರ್ ಕಾರ್ಡನ್ನು ಹಗುರವಾಗಿ ಸವರಿದ. ಆಗಲೇ ಸದ್ದಿನ ಅಂಚಿನಲ್ಲಿ ಮರಳು ಸೇರಿತ್ತು. ಆಂಪ್ ಆರಿಸಿ, ತಣ್ಣಗಾದ ಮೇಲೆ 12ಎವೈ7 ಹಾಕಿದೆವು. ಮತ್ತೆ ಅದೇ ಕಾರ್ಡು. "ಸೌಂಡೇ ಕಮ್ಮಿ ಆಯ್ತಲ್ಲೋ" ಅಂದ. "ಇನ್ನೊಂಚೂರು ಏರ್ಸು" ಅಂದೆ. ಏರಿಸಿ ಗಟ್ಟಿತನ ಸರಿದೂಗಿಸಿದಾಗ ಗೊತ್ತಾಯಿತು: ಹಗುರವಾಗಿ ಸವರಿದರೆ ಆರೂ ತಂತಿ ಬಿಡಿಬಿಡಿಯಾಗಿ ಕೇಳುತ್ತವೆ, ಬಲವಾಗಿ ಹೊಡೆದರೆ ಮಾತ್ರ ಸದ್ದು ಒರಟಾಗುತ್ತದೆ, ಕೈ ಹಗುರ ಮಾಡಿದ ಕೂಡಲೇ ಮತ್ತೆ ತಿಳಿಯಾಗುತ್ತದೆ. ಕೆಡುವ ಆ ಗಡಿ ಬಲಗೈಯ ಹತೋಟಿಗೆ ಬಂದಿತ್ತು. ನಾನು ಈ ಕಲೆಯಲ್ಲಿ ಎಲ್ಲಕ್ಕಿಂತ ಹೆಚ್ಚು ಪ್ರೀತಿಸುವುದು ಆ ಗಡಿಯನ್ನೇ. ಟ್ಯೂಬು ಬದಲಿಸುವುದೆಂದರೆ ಹೆಚ್ಚಾಗಿ ಆ ಗಡಿಯನ್ನು ಹಿಂದೆಮುಂದೆ ಸರಿಸುವುದು.

ಬಾಸ್‌ಮನ್‌ನ ಈ ಮಾದರಿ 1950ರ ದಶಕದ ಕೊನೆಯಲ್ಲಿ ಬಂದಾಗ ಮೊದಲ ಸಾಕೆಟ್ಟಿನಲ್ಲಿದ್ದದ್ದು 12ಎವೈ7. ಲಂಡನ್ನಿನ ಜಿಮ್ ಮಾರ್ಷಲ್ ಅಂಗಡಿಯಲ್ಲಿ ಕೆನ್ ಬ್ರಾನ್, ಡಡ್ಲಿ ಕ್ರೇವನ್ ಸೇರಿ ಅದೇ ಸರ್ಕೀಟನ್ನು ಮಾದರಿಯಾಗಿಟ್ಟುಕೊಂಡು 1962ರಲ್ಲಿ ಜೆಟಿಎಂ45 ಆಂಪ್ ಕಟ್ಟಿದಾಗ ಆ ಜಾಗಕ್ಕೆ ಇಸಿಸಿ83 ಬಂತು. ನಕ್ಷೆ ಹೆಚ್ಚುಕಡಿಮೆ ಅದೇ, ಆದರೆ ಸದ್ದು ಬೇಗ ಕಾವೇರಿತು. ಸ್ಪೀಕರುಗಳೂ ಟ್ರಾನ್ಸ್‌ಫಾರ್ಮರುಗಳೂ ಬದಲಾಗಿದ್ದವು, ಎಲ್ಲ ಶ್ರೇಯಸ್ಸನ್ನೂ ಒಂದು ಟ್ಯೂಬಿಗೆ ಕಟ್ಟಲಾಗದು. ಆದರೂ ಅದರ ಪಾಲು ಸಣ್ಣದಲ್ಲ. ಮೊದಲ ಸಾಕೆಟ್ಟಿನಲ್ಲಿ ಆದದ್ದನ್ನು ಮುಂದಿನ ಎಲ್ಲ ಹಂತಗಳೂ ಹಿಗ್ಗಿಸುತ್ತಾ ಹೋಗುತ್ತವೆ. ಪ್ರಯೋಗವನ್ನು ಅಲ್ಲಿಂದಲೇ ಶುರುಮಾಡಿ ಎನ್ನುವುದು ಅದಕ್ಕೇ.

12ಎಟಿ7 ಬಗ್ಗೆ ಒಂದು ಎಚ್ಚರಿಕೆ. ಅಂಕಿ 60 ಎಂದಮಾತ್ರಕ್ಕೆ ಅದು 12ಎಎಕ್ಸ್7ನ ಸೌಮ್ಯ ತಮ್ಮನಲ್ಲ. ಅದು ಹೆಚ್ಚು ಕರೆಂಟು ಬೇಡುವ ಟ್ಯೂಬು. 12ಎಎಕ್ಸ್7ಗೆಂದು ಲೆಕ್ಕಹಾಕಿದ ಜಾಗದಲ್ಲಿ ಕೂರಿಸಿದರೆ ನನ್ನ ಕಿವಿಗೆ ಸದ್ದು ಬಿಗಿದುಕೊಂಡಂತೆ, ಒಣಗಿದಂತೆ ಕೇಳುತ್ತದೆ. 1960ರ ದಶಕದ ಫೆಂಡರ್ ಆಂಪುಗಳಲ್ಲಿ ರಿವರ್ಬಿನ ಸ್ಪ್ರಿಂಗನ್ನು ನಡುಗಿಸುವ ಕೆಲಸ ಅದರದು, ಅಲ್ಲಿ ಅದಕ್ಕೆ ಸಾಟಿಯಿಲ್ಲ.

ಬ್ರಾಂಡುಗಳ ವಿಷಯಕ್ಕೆ ಹೆಚ್ಚು ಹೊತ್ತು ಬೇಡ. ಹಳೆಯ ಮಲ್ಲಾರ್ಡ್, ಟೆಲಿಫಂಕನ್ ಟ್ಯೂಬುಗಳಿಗೆ ಜನ ಸುರಿಯುವ ದುಡ್ಡಿನಲ್ಲಿ ಒಳ್ಳೆಯ ಸ್ಪೀಕರೇ ಬರುತ್ತದೆ, ಸ್ಪೀಕರು ತರುವ ಬದಲಾವಣೆ ಅದಕ್ಕಿಂತ ಎಷ್ಟೋ ದೊಡ್ಡದು. ಒಂದೇ ಬ್ರಾಂಡಿನ ಎರಡು ಟ್ಯೂಬುಗಳೂ ಒಂದೇ ತರ ಇರುವುದಿಲ್ಲ.

ಕೇಳುವಾಗ ಗಿಟಾರು, ಕೇಬಲ್ಲು, ಟೋನ್ ಗುಂಡಿಗಳು ಒಂದಿಷ್ಟೂ ಅಲುಗಬಾರದು. ಗಟ್ಟಿತನ ಸರಿದೂಗಿಸಲು ವಾಲ್ಯೂಮನ್ನು ಮಾತ್ರ ಮುಟ್ಟಿ, ಜೋರಾದದ್ದು ಕಿವಿಗೆ ಯಾವಾಗಲೂ ಚೆಂದವಾಗಿಯೇ ಕೇಳುತ್ತದೆ. ಎರಡನೆಯ ಟ್ಯೂಬು ಕೇಳಿದ ಮೇಲೆ ಮೊದಲನೆಯದಕ್ಕೆ ಮರಳಿ ಇನ್ನೊಮ್ಮೆ ಕೇಳಿ. ಬದಲಿಸುವ ಮುನ್ನ ಸ್ವಿಚ್ ಆರಿಸಿ, ಪ್ಲಗ್ ಕಿತ್ತು, ಗಾಜು ತಣ್ಣಗಾಗಲು ಬಿಟ್ಟು, ನೆಟ್ಟಗೆ ಎಳೆಯಿರಿ. ಚಾಸಿ ಬಿಚ್ಚಬೇಡಿ, ಒಳಗಿನ ಕೆಪಾಸಿಟರುಗಳು ಪ್ಲಗ್ ಕಿತ್ತ ಮೇಲೂ ನೂರಾರು ವೋಲ್ಟನ್ನು ಹಿಡಿದಿಟ್ಟುಕೊಂಡಿರಬಲ್ಲವು. ಹೊಸ ಟ್ಯೂಬನ್ನು ಪೆನ್ಸಿಲ್ಲಿನಿಂದ ಮೆಲ್ಲಗೆ ತಟ್ಟಿ ನೋಡಿ: ಸ್ಪೀಕರಿನಲ್ಲಿ ಸಣ್ಣಗೆ ಟಕ್ ಎಂದರೆ ಪರವಾಗಿಲ್ಲ, ಗಂಟೆಯಂತೆ ಮೊಳಗುತ್ತಲೇ ಇದ್ದರೆ ಅದನ್ನು ಮೊದಲ ಸಾಕೆಟ್ಟಿಗೆ ಹಾಕಬೇಡಿ.

12ಎಎಕ್ಸ್7, 12ಎವೈ7 ನಡುವಿನ ದೂರ ಸುಲಭವಾಗಿ ಕೇಳತೊಡಗಿದ ಮೇಲೆ 5751 ತನ್ನಿ. ಅದೇ ಇ ಮೇಜರನ್ನು ಹತ್ತು ಸಲ ಬಾರಿಸಿ, ಪ್ರತಿ ಸಲವೂ ಪಿಕ್ಕಿನ ಬಲ ಒಂದು ಎಳ್ಳಷ್ಟು ಹೆಚ್ಚಿರಲಿ. ಯಾವ ಹೊಡೆತದಲ್ಲಿ ಮರಳು ಸೇರಿತು ಎಂದು ಲೆಕ್ಕವಿಡಿ.